ಟ್ವಾಂಬೊ ಬಿಡದ ಹಗ್ಗ

"ಗಂಡ ತೀರಿಕೊಂಡ ಮೇಲೆ ಅವನ ಕಡೆಯವರು ಬಂದು ಮಂಚ ಹೊತ್ಕೊಂಡ್ ಹೋದ್ರು. ಸುಮ್ನಿದ್ದೆ ಅಜ್ಜಿ. ಸೈಕಲ್ ತಗೊಂಡ್ರು, ಸುಮ್ನಿದ್ದೆ. ನೇಗಿಲು ಎಳ್ಕೊಂಡ್ ಹೋದ್ರು, ಗೋಡೆ ಕಡೆ ಮುಖ ಮಾಡಿ ಕೂತಿದ್ದೆ. ಅಳೋದಕ್ಕೇ ಶಕ್ತಿ ಇರ್ಲಿಲ್ಲ, ಜಗಳಕ್ಕೆ ಎಲ್ಲಿಂದ ಬರ್ಬೇಕು? ಆದ್ರೆ ಆಡಿಗೆ ಕೈ ಹಾಕಿದ್ರು ನೋಡಿ, ಆಗ ಎದ್ದೆ. ಅದು ಗಂಡ ತಂದದ್ದಲ್ಲ, ನಾನು ಕೊಂಡದ್ದೂ ಅಲ್ಲ. ಕಾಣದ ಊರಲ್ಲಿ ಯಾರೋ ಮುದುಕಿಯೋ, ಶಾಲೆ ಮಕ್ಕಳೋ ದಾನದ ಡಬ್ಬಿಗೆ ಚಿಲ್ಲರೆ ಹಾಕಿದ್ದಕ್ಕೆ ಬಂದದ್ದು. ನನ್ನ ಮಗನ ಗಂಜಿಗೆ ಹಾಲಾಗ್ಲಿ ಅಂತ ಹಾಕಿದ್ದು, ಭಾವನ ಮನೆ ಸಾರಿಗಲ್ಲ."

ಟ್ವಾಂಬೊ ಇದನ್ನು ನನಗೆ ಇಂದಿಗೂ ಸೊಂಟದ ಮೇಲೆ ಕೈಯಿಟ್ಟುಕೊಂಡೇ ಹೇಳುತ್ತಾಳೆ. ಜಾಂಬಿಯಾದ ದಕ್ಷಿಣದಲ್ಲಿ, ಮೊಂಜೆ ಪೇಟೆಯಿಂದಾಚೆ ನಮ್ಮ ಹಳ್ಳಿ. ಅವಳ ಮನೆಗೂ ನನ್ನದಕ್ಕೂ ನಡುವೆ ಒಂದು ಮಾವಿನ ಮರ.

ಆ ಮರದ ಕೆಳಗೇ ದಾನದ ಸಂಸ್ಥೆಯವರು ನಮ್ಮ ಹೆಂಗಸರ ಗುಂಪಿಗೆ ಆಡು ಹಂಚಿದ್ದು. ಎಲ್ಲರಿಗೂ ಸಾಲುವಷ್ಟಿರಲಿಲ್ಲ. ಪಡೆದವಳು ಮೊದಲ ಹೆಣ್ಣುಮರಿಯನ್ನು ಸರದಿಯಲ್ಲಿರುವ ಮುಂದಿನವಳಿಗೆ ಕೊಡಬೇಕು, ಅವಳು ಅದರ ಮೊದಲ ಹೆಣ್ಣುಮರಿಯನ್ನು ಇನ್ನೊಬ್ಬಳಿಗೆ. ಟ್ವಾಂಬೊ ಆದ ಮೇಲೆ ಚಬೋಟಾಳ ಸರದಿ. ಅವಳಿಗೆ ತಾಳ್ಮೆಯೆಲ್ಲಿ? ಆಡು ಗಬ್ಬವಾದದ್ದೇ ತಡ, ದಿನಾ ಬೆಳಿಗ್ಗೆ ಸೊಪ್ಪಿನ ಹೊರೆ ತಂದು ಹಾಕಿ, "ನನ್ನ ಮರಿ ತಿಂತಾ?" ಎಂದು ಅದರ ಹೊಟ್ಟೆ ಸವರಿ ಹೋಗುತ್ತಿದ್ದಳು. ಅವಳನ್ನು ನೋಡಿ ಉಳಿದವರೂ ಸೊಪ್ಪು ತರತೊಡಗಿದರು.

ಭಾವ ಹಾಮುಸೊಂಡೆ ಒಂದು ಬೆಳಿಗ್ಗೆ ಸತ್ತ ತಮ್ಮನ ಸೈಕಲ್ ಮೇಲೆಯೇ ಬಂದ. ಇಳಿದವನೇ ಆಡಿನ ಹಗ್ಗ ಬಿಚ್ಚಿದ.

"ಭಾವ, ಹಗ್ಗ ಬಿಡಿ," ಎಂದಳು ಟ್ವಾಂಬೊ.

"ನನ್ನ ತಮ್ಮ ಬದುಕಿದ್ದಾಗ ಬಂದ ಆಡು. ಅವನ ಮನೇದೆಲ್ಲ ನಮ್ಮದೇ."

"ಮನೇಲಿ ಅವರ ಮಗನೂ ಇದ್ದಾನಲ್ಲ, ಅವನನ್ನ ಮಾತ್ರ ಯಾಕೆ ಬಿಟ್ಟು ಹೋದ್ರಿ? ಸೈಕಲ್ಲಿಗೆ ಹಸಿವಾಗಲ್ಲ, ಅದಕ್ಕಾ?"

ಹಗ್ಗದ ನಡುವನ್ನು ಅವಳು ಮುಂಗೈಗೆ ಸುತ್ತಿಕೊಂಡಳು. ಅವನು ಎಳೆದ, ಇವಳು ಕದಲಲಿಲ್ಲ. ನಾನು ಗಂಟಲು ಕಿತ್ತುಹೋಗುವಂತೆ ಕೂಗಿದೆ. ಹೊಲದಲ್ಲಿದ್ದ ಗುಂಪಿನವರೆಲ್ಲ ಗುದ್ದಲಿ ಸಮೇತ ಬಂದರು. ಯಾರೂ ಗುದ್ದಲಿ ಎತ್ತಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಆಡಿನ ಸುತ್ತ ಕುಳಿತುಬಿಟ್ಟರು.

"ಹೊಟ್ಟೇಲಿರೋದು ನಂದು," ಎಂದಳು ಚಬೋಟಾ. "ಅದನ್ನ ಇಲ್ಲೇ ಇಟ್ಟು ಆಡನ್ನ ಒಯ್ಯೋ ಉಪಾಯ ಗೊತ್ತಿದ್ರೆ ಒಯ್ರಿ."

"ಹುಟ್ಟಿದ ಮೇಲೆ ಮರಿ ಕೊಡ್ತೀನಿ ಕಣೇ," ಎಂದ ಹಾಮುಸೊಂಡೆ.

"ಆ ಮರಿಯ ಮರಿ ನಂದು," ಎಂದಳು ಪಕ್ಕದವಳು.

"ಅದರ ಮರಿ ನಂದು," ಎಂದಳು ಅವಳ ಪಕ್ಕದವಳು.

ಚಬೋಟಾ ಲಂಗದ ಮೇಲೆ ಸುತ್ತಿದ್ದ ಚಿಟೆಂಗೆ ಬಟ್ಟೆಯನ್ನು ಬಿಚ್ಚಿ ಅವನತ್ತ ಚಾಚಿದಳು. "ಯಜಮಾನ್ರಿಗೂ ಮರಿ ಬೇಕಾ? ತಗೊಳ್ಳಿ, ಸೊಂಟಕ್ಕೆ ಸುತ್ಕೊಂಡು ಗುಂಪಿಗೆ ಸೇರ್ಕೊಳ್ಳಿ. ಎಲ್ಲರ ಕೊನೇಲಿ ನಿಮ್ಮ ಸರದಿ. ಅಲ್ಲೀವರೆಗೆ ನಮ್ಮ ಜೊತೆ ಸೊಪ್ಪು ಕೊಯ್ರಿ!"

ನಗು ಹೊಲದಾಚೆಗೂ ಕೇಳಿಸಿರಬೇಕು. ಹೆಂಗಸರ ಬಾಯಿಗೆ ಬೀಳಬಾರದು ಎಂದು ಗೊಣಗುತ್ತ ಅವನು ಸೈಕಲ್ ಕಡೆ ತಿರುಗಿದ. ಹಗ್ಗದ ತುದಿ ಇನ್ನೂ ಅವನ ಕೈಯಲ್ಲೇ ಇತ್ತು.

"ಅದನ್ನೂ ಬಿಟ್ಟು ಹೋಗಿ ಭಾವ. ಹಗ್ಗಾನೂ ಗುಂಪಿಂದೇ."

ಬಿಟ್ಟ.

ಆಡು ಹೆಣ್ಣುಮರಿಯನ್ನೇ ಹಾಕಿತು. ಅದು ಹಾಲು ಬಿಟ್ಟ ಮೇಲೆ ಟ್ವಾಂಬೊ ಅದೇ ಹಗ್ಗ ಕಟ್ಟಿ ಚಬೋಟಾಳ ಅಂಗಳಕ್ಕೆ ನಡೆಸಿಕೊಂಡು ಹೋದಳು. ಹತ್ತಿರದ ದಾರಿ ಇತ್ತು. ಅವಳು ಹೋದದ್ದು ಸುತ್ತಿ ಬಳಸಿ, ಭಾವನ ಬಾಗಿಲ ಮುಂದಿನಿಂದ.

ಈಗಲೂ ನನ್ನ ಬಾಗಿಲಿಂದ ಅವಳು ಕಾಣುತ್ತಾಳೆ. ಮಗ ಲ್ವೇಂಡೊನ ಗಂಜಿಗೆ ಹಾಲು ಕರೆದು ಒಳಗಿಟ್ಟು ಬಂದು, ಕಂಬಗಳ ಮೇಲೆ ಕಟ್ಟಿದ ಆಡಿನ ಅಟ್ಟಣೆಯ ಕೆಳಗೆ ಬಗ್ಗಿ, ಹೊಲದ ಗೊಬ್ಬರಕ್ಕೆ ಹಿಕ್ಕೆ ಗುಡಿಸಿ ಬುಟ್ಟಿಗೆ ತುಂಬುತ್ತಿದ್ದಾಳೆ.