ಅಕ್ಕ ಹೊಂದಿಸಿಟ್ಟ ಮುಂಬೈಯ ಒಂದು ರಾತ್ರಿ

ಹೋದ ತಿಂಗಳು ಅಕ್ಕನ ಟ್ರಂಕು ತೆಗೆದೆ. ಇಲಿ ಹೊಕ್ಕಿದೆ ಅಂತ ಅನುಮಾನ ಬಂದಿತ್ತು, ಇಲ್ಲದಿದ್ದರೆ ತೆಗೆಯುತ್ತಿರಲಿಲ್ಲ. ಮೇಲೆ ಎರಡು ಸೀರೆ, ಅದರ ಕೆಳಗೆ ಪ್ರವಾಸದ ಚೀಲ. ಚೀಲದಲ್ಲಿ ನೀರು ಸೋಸುವ ಹೊಸ ಅರಿವೆ, ಅಂಚು ಹೊಲಿದು ಮಡಿಕೆ ಮಾಡಿ ಇಟ್ಟದ್ದು. ಮೂಗಿನ ಹತ್ತಿರ ಹಿಡಿದೆ. ಅಂಗಡಿಯ ಗಂಜಿ ವಾಸನೆ ಇನ್ನೂ ಹೋಗಿರಲಿಲ್ಲ. ಜೊತೆಗೆ ಸ್ವಲ್ಪ ಓಂಕಾಳಿನ ವಾಸನೆ... ದಾರಿಗೆ ಪೂರಿ ಮಾಡಲೆಂದು ಅದರೊಳಗೇ ಕಟ್ಟಿಟ್ಟಿದ್ದಳು. ಒಮ್ಮೆಯೂ ನೀರು ಕಾಣದ ಅರಿವೆ. ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ನಾವು ಜೈನರು. ಸೋಸದ ನೀರು ಕುಡಿಯುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ನೀರು ಸೋಸಿದ ಮೇಲೆ ಅರಿವೆಯನ್ನು ಮಗುಚಿ, ಅದರಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳನ್ನು ಅವು ಬಂದ ನೀರಿಗೇ ತಿರುಗಿ ಬಿಡಬೇಕು. ಎಷ್ಟೋ ಮನೆಗಳಲ್ಲಿ ಈಗ ನಳದ ಬಾಯಿಗೆ ಒಂದು ತುಂಡು ಬಟ್ಟೆ ಕಟ್ಟಿ ಮುಗಿಸುತ್ತಾರೆ. ಅಕ್ಕ ಹಾಗೆ ಮಾಡಿದವಳಲ್ಲ. ದಿನಾ ಬಾವಿಯ ಮೇಲೆ ಬಾಗಿ, ಕೂಸಿನ ತಲೆಗೆ ನೀರು ಹಾಕಿದ ಹಾಗೆ ಅರಿವೆಯ ಮೇಲೆ ನೀರು ಬಿಡುತ್ತಿದ್ದಳು.

ನಮ್ಮ ಊರು ಕುಡಚಿಯ ಹತ್ತಿರ, ಕೃಷ್ಣೆಯ ಈಚೆ ದಂಡೆಗೆ. ಸುತ್ತಲೂ ಕಬ್ಬು. ಕಬ್ಬು ಬೆಳೆದು ನಿಂತಾಗ ಅಂಗಳದಿಂದ ಏನೂ ಕಾಣುವುದಿಲ್ಲ, ಕೇಳಿಸುವುದಷ್ಟೇ. ಮೀರಜ ಕಡೆ ಹೋಗುವ ಗಾಡಿ ಕುಡಚಿ ಸ್ಟೇಷನ್ ಬಿಟ್ಟು ಹೊಳೆಯ ಸೇತುವೆ ಹತ್ತಿದರೆ ಅದರ ಗಡಗಡ ಸದ್ದು ನಮ್ಮ ಹಿತ್ತಲಿಗೆ ಬರುತ್ತದೆ. ಅಕ್ಕ ಏನು ಮಾಡುತ್ತಿದ್ದರೂ ಕೈ ನಿಲ್ಲಿಸಿ ಕೇಳುತ್ತಿದ್ದಳು. ಸದ್ದು ನಿಂತ ಮೇಲೆ "ದಾಟ್ತು" ಅನ್ನುತ್ತಿದ್ದಳು. ಮತ್ತೆ ಕೆಲಸ.

ಮದುವೆಯಾಗಿ ಸ್ವಲ್ಪ ದಿನಕ್ಕೇ ಗಂಡನನ್ನು ಕಳಕೊಂಡು ತವರಿಗೆ ಬಂದವಳು ಅವಳು. ಆಮೇಲೆ ಅವ್ವನಿಗೆ ಲಕ್ವಾ ಹೊಡೆಯಿತು. ಅವ್ವನ ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು. ಅಂದಿನಿಂದ ಅಕ್ಕ ಆ ಕೋಣೆಯವಳಾದಳು. ಅವ್ವನನ್ನು ಹೊರಳಿಸುವುದು, ತೊಳೆಯುವುದು, ಬಟ್ಟೆ ಬದಲಿಸುವುದು, ಹೊತ್ತು ಮುಳುಗುವುದರೊಳಗೆ ಚಮಚೆಯಿಂದ ಗಂಜಿ ಕುಡಿಸುವುದು. ಉಳಿದ ಹೊತ್ತಿನಲ್ಲಿ ಕಟಕ ರೊಟ್ಟಿ ಬಡಿದು ಮಾರುತ್ತಿದ್ದಳು. ನನಗೆ ಮದುವೆ ಆಗಿರಲಿಲ್ಲ. ನಾನು ಆ ಕೋಣೆಯ ಹೊಸ್ತಿಲ ಮೇಲೆ ನಿಂತು "ಅವ್ವಾ, ಹೆಂಗದೀ?" ಅಂತ ಕೇಳಿ ಹೊಲಕ್ಕೆ ಹೋಗುತ್ತಿದ್ದೆ. ಒಳಗೆ ಹೋದವನಲ್ಲ. ಆ ವಾಸನೆಗೆ ಹೆದರುತ್ತಿದ್ದೆ. ಅದಕ್ಕಿಂತ ಹೆಚ್ಚಾಗಿ, ಹೆತ್ತವಳ ಮೈಯನ್ನು ಮಗನಾದ ನಾನು ತೊಳೆಯಬೇಕಾದೀತು ಅನ್ನುವುದಕ್ಕೆ ಹೆದರುತ್ತಿದ್ದೆ.

ಹಡಗಿನ ಸುದ್ದಿ ತಂದವರು ಮಾಸ್ತರ ಹೆಂಡತಿ. ಊರಿಗೆಲ್ಲ ಅವರು ವೈನಿ, ಅತ್ತಿಗೆ ಇದ್ದ ಹಾಗೆ. ಮುಂಬೈಯಲ್ಲಿದ್ದ ಅವರ ಅಳಿಯ ಹೇಳಿದ್ದನಂತೆ: ಮುಂಬೈಯಿಂದ ಗೋವಾಕ್ಕೆ ಹೋಗಿ ಬರುವ ದೊಡ್ಡ ಹಡಗು ಇದೆ, ನೆಲದೊಳಗೆ ಬೆಳೆದದ್ದು ಹಾಕದೆ ನಮ್ಮವರಿಗೆ ಬೇರೆ ಅಡಿಗೆ ಮಾಡಿ ಕೊಡುತ್ತಾರೆ. ಬಸದಿಯ ಒಂದಷ್ಟು ಹೆಣ್ಣುಮಕ್ಕಳು ಚಳಿಗಾಲದಲ್ಲಿ ಹೋಗುವುದೆಂದು ಗಟ್ಟಿ ಮಾಡಿದರು. ಅಕ್ಕ ರೊಟ್ಟಿಯ ದುಡ್ಡಿನಲ್ಲಿ ತಾನೂ ಬರುತ್ತೇನೆ ಅಂದಳು. ನನಗೆ ಆಶ್ಚರ್ಯವಾಯಿತು. ಕೊಲ್ಲಾಪುರಕ್ಕಿಂತ ಆಚೆ ಹೋದವಳಲ್ಲ.

ಗಾಡಿ ತಡವಾದರೆ ಹಡಗು ಕಾಯುವುದಿಲ್ಲ. ಅದಕ್ಕೆ ಹಿಂದಿನ ದಿನವೇ ಮುಂಬೈ ಸೇರಿ ಒಂದು ರಾತ್ರಿ ಇರಬೇಕು. ಅಳಿಯನದು ಒಂದೇ ಖೋಲಿಯ ಮನೆ, ಇಷ್ಟು ಜನರಿಗೆ ಸಾಲದು. ಎಲ್ಲಿ ಇಳಿಯುವುದು, ಏನು ಉಣ್ಣುವುದು ಅಂತ ಹೆಂಗಸರು ಮಾತಾಡುತ್ತಿದ್ದಾಗ ಅಕ್ಕ "ಆ ಒಂದ ರಾತ್ರಿ ನನಗ ಬಿಡ್ರಿ" ಅಂದಳಂತೆ.

ಆಮೇಲೆ ಅವಳ ಬಾಯಲ್ಲಿ ಹಡಗಿನ ಮಾತು ನಾನು ಕೇಳಲೇ ಇಲ್ಲ. ಬರೀ ಆ ಒಂದು ರಾತ್ರಿಯದು. ಮುಂಬೈ ಕಂಡವರು ಯಾರೇ ಸಿಗಲಿ, ನಿಲ್ಲಿಸಿ ಕೇಳುತ್ತಿದ್ದಳು. ಕುಡಚಿ ಪೇಟೆಯಲ್ಲಿ ಒಬ್ಬ ಸಾಹೇಬರ ಅರಿವೆ ಅಂಗಡಿ ಇತ್ತು. ಮಾಲಿಗೆಂದು ಅವರು ಮೇಲಿಂದ ಮೇಲೆ ಮುಂಬೈಗೆ ಹೋಗುತ್ತಿದ್ದರು. ಈ ಅರಿವೆ ಕೊಳ್ಳಲು ಹೋದಾಗ ನಾನೂ ಜೊತೆಗಿದ್ದೆ. ಅಕ್ಕ ಮಾದರಪಾಟ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತ ಕೇಳಿದಳು:

"ಸಾಹೇಬ್ರ, ಅಲ್ಲೆ ನೀರೆಲ್ಲಾ ನಳದ್ದಂತ. ನಾ ಸೋಸಿದ ಮ್ಯಾಲೆ ಅರಿವ್ಯಾಗಿನ ಜೀವ ಎಲ್ಲಿ ಬಿಡ್ಲಿ? ನಳದಾಗ ತಿರಗಿ ಹಾಕಾಕ ಬರೂದಿಲ್ಲಲಾ."

ಸಾಹೇಬರು ಗಜ ಕೆಳಗಿಟ್ಟು ನಕ್ಕರು. "ಅಕ್ಕಾರ, ಮುಂಬೈದಾಗ ಮನಷ್ಯಾರಿಗೆ ಜಾಗಾ ಇಲ್ರಿ. ನೀವು ಹುಳಕ್ಕ ಜಾಗಾ ಹುಡುಕಾಕತ್ತೀರಿ!"

ನಕ್ಕರೂ ಮರೆಯಲಿಲ್ಲ. ಮುಂದಿನ ಸಲ ಮುಂಬೈಗೆ ಹೋದಾಗ ವಿಚಾರಿಸಿಕೊಂಡು ಬಂದರು. ಭುಲೇಶ್ವರದ ಕಡೆ ನಿಮ್ಮವರದೇ ಒಂದು ಹಳೆ ಧರ್ಮಶಾಲೆ ಇದೆ, ಅಂಗಳದಲ್ಲಿ ಬಾವಿ ಇದೆ, ಕಣ್ಣಾರೆ ಬಗ್ಗಿ ನೋಡಿದೆ, ನೀರಿದೆ ಅಂದರು. ಅಂದು ಅಕ್ಕ ಮನೆಗೆ ಬಂದದ್ದು ನಡೆದುಕೊಂಡಲ್ಲ, ಹಾರಿಕೊಂಡು.

ಹೀಗೆ ಆ ರಾತ್ರಿ ಸ್ವಲ್ಪ ಸ್ವಲ್ಪವೇ ಕಟ್ಟಿ ನಿಂತಿತು. ದಾದರಿನಲ್ಲಿ ಇಳಿದು ಟ್ಯಾಕ್ಸಿ. ಧರ್ಮಶಾಲೆಯ ಬಾವಿಯಲ್ಲಿ ನೀರು. ಓಂಕಾಳು ಹಾಕಿದ ಪೂರಿ, ಶೇಂಗಾ ಚಟ್ನಿ. ಬೇಗ ಉಂಡು ಚೌಪಾಟಿಯ ಕಡಲದಂಡೆಗೆ. ಅಲ್ಲಿ ಏನು ಮಾಡುತ್ತೀ ಅಂತ ಕೇಳಿದೆ.

"ಹೊತ್ತ ಮುಣುಗೂದ ನೋಡತೇನಿ" ಅಂದಳು. "ದಿನಾ ಹೊತ್ತ ಮುಣಗತೈತಿ ಅಂತ ಓಡಾಡೂದಽ ಆತು. ಅವ್ವಗ ಕುಡಸು, ನಿನಗ ನೀಡು, ನಾ ಎರಡ ತುತ್ತ ಉಣ್ಣು. ಅದು ಹೆಂಗ ಮುಣಗತೈತಿ ಅಂತ ಒಂದ ದಿನಾನೂ ಕುಂತ ನೋಡಿಲ್ಲ. ಅವತ್ತ ಎಲ್ಲಾ ಮುಗಿಸಿ ಕೈ ಕಟಗೊಂಡ ಕುಂತ ನೋಡತೇನಿ."

ಅವಳು ಹೋದರೆ ಆ ಕೋಣೆಗೆ ನಾನು ಹೋಗಬೇಕು. ದಿನ ಹತ್ತಿರ ಬಂದಂತೆಲ್ಲ ಅದೊಂದೇ ನನ್ನ ತಲೆಯಲ್ಲಿ. ಒಲ್ಲೆ ಅನ್ನಲು ಬಾಯಿಲ್ಲ. ಇಷ್ಟು ವರ್ಷ ದುಡಿದವಳಿಗೆ ಐದಾರು ದಿನ ಕೊಡಲಾರೆ ಅಂತ ಯಾವ ಬಾಯಿಂದ ಹೇಳುವುದು? ಕೂಲಿಗೆ ಹೆಂಗಸರನ್ನು ಕೇಳಬಹುದಿತ್ತು. ಅದನ್ನೂ ಮಾಡಲಿಲ್ಲ. ಕಬ್ಬಿನ ನಡುವೆ ನಿಂತಾಗ, ಹೊರಗೆ ಹೋಗುವ ದಾರಿ ಯಾವ ಕಡೆಗೂ ಇಲ್ಲ ಅನ್ನುವ ಹಾಗೆ ಅನಿಸುತ್ತಿತ್ತು...

ಆ ವರ್ಷ ನಮ್ಮ ಊರಲ್ಲಿ ಮಹಾರಾಜರ ಚಾತುರ್ಮಾಸ. ಮುನಿಗಳಿಗೆ ನಾವು ಮಹಾರಾಜರು ಅನ್ನುತ್ತೇವೆ. ಪ್ರವಚನ ಮುಗಿದ ಮೇಲೆ ಅವರು ಯಾರು ಯಾವ ನೇಮ ತೆಗೆದುಕೊಳ್ಳುತ್ತೀರಿ ಅಂತ ಕೇಳುವುದಿತ್ತು. ಒಬ್ಬರು ಎದ್ದು ಬಟಾಟಿ ಬಿಟ್ಟೆ ಅಂದರು. ಒಬ್ಬಾಕೆ ವರ್ಷದವರೆಗೆ ಹೊಸ ಸೀರೆ ಬಿಟ್ಟೆ ಅಂದಾಗ ಗಂಡಸರ ಸಾಲಿನಿಂದ ಯಾರೋ "ಮಹಾರಾಜ್ರ, ಆಕಿ ಗಂಡಗ ಪುಣ್ಯೇ ಬಂತ್ರಿ" ಅಂದು ಎಲ್ಲರೂ ನಕ್ಕರು. ಆ ನಗೆಯ ನಡುವೆ ನಾನು ಎದ್ದು ನಿಂತೆ. ಮೊದಲೇ ಯೋಚಿಸಿಕೊಂಡು ಬಂದಿದ್ದೆ ಅನ್ನುವುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ನಮ್ಮಲ್ಲಿ ದೇಶವ್ರತ ಅಂತ ಒಂದಿದೆ. ಇಷ್ಟು ದಿನ ಈ ಹೊಳೆ ದಾಟುವುದಿಲ್ಲ, ಈ ಮೇರೆ ಮೀರುವುದಿಲ್ಲ ಅಂತ ತನಗೆ ತಾನೇ ಗಡಿ ಹಾಕಿಕೊಳ್ಳುವುದು. ತೆಗೆದುಕೊಂಡ ಮೇಲೆ ಮುರಿಯುವ ಹಾಗಿಲ್ಲ.

"ನಮ್ಮಕ್ಕ ದೇಶವ್ರತ ತಗೋಬೇಕಂತಾಳ್ರಿ ಮಹಾರಾಜ್" ಅಂದೆ. "ಮುಂದಿನ ಚಾತುರ್ಮಾಸದ ತನಕಾ ಕೃಷ್ಣಾ ದಾಟೂದಿಲ್ಲ ಅಂತ. ನಾಚಗೊಂಡ ಕುಂತಾಳ್ರಿ."

ಯಾವ ಗಾಡಿ ಹಿಡಿದರೂ ಕೃಷ್ಣೆ ದಾಟದೆ ಮುಂಬೈ ಇಲ್ಲ.

ಮಹಾರಾಜರು ಹೆಂಗಸರ ಕಡೆ ತಿರುಗಿದರು. "ಹೌದೇನಮ್ಮಾ? ನಿನ್ನ ಬಾಯಿಂದ ಬರಲಿ" ಅಂದರು. ಅಕ್ಕ ಎದ್ದಳು. ಪಕ್ಕದಲ್ಲಿದ್ದ ವೈನಿ ಅವಳ ಸೆರಗು ಜಗ್ಗಿದ್ದು ನನಗೆ ಕಂಡಿತು. ಅಕ್ಕ ನನ್ನನ್ನೇ ನೋಡಿದಳು. ಸಿಟ್ಟಿನಿಂದಲ್ಲ. ಗುರುತು ಹಿಡಿಯುವವರ ಹಾಗೆ. ಇಡೀ ಊರು ಕಾಯುತ್ತಿತ್ತು. ಇಲ್ಲ ಅಂದಿದ್ದರೆ ಮಹಾರಾಜರ ಎದುರಿಗೆ ಅವಳ ತಮ್ಮ ಸುಳ್ಳನಾಗುತ್ತಿದ್ದ. ಅವಳು ಕೈ ಮುಗಿದು "ಹೌದ್ರಿ" ಅಂದಳು. ಜಯಕಾರ ಆಯಿತು.

ಸಂಜೆ ವೈನಿ ಮನೆಗೇ ಬಂದು ಬೈದರು. "ಏನವಾ ನೀನು? ತಾರೀಖ ಹಿಡದೀವಿ, ಟಿಕೀಟ ತಗಸೇವಿ! ಹುಚ್ಚಗಿಚ್ಚ ಹಿಡದೈತೇನ?" ಅಕ್ಕ ಅವ್ವನ ಗಂಜಿ ಆರಿಸುತ್ತಿದ್ದಳು. ತಲೆ ಎತ್ತದೆ, "ಮನಸಿಗೆ ಬಂತು, ತಗೊಂಡ್ನಿ" ಅಂದಳು. ನಾನು ಬಾಗಿಲ ಹಿಂದೆ ಇದ್ದೆ.

ದೀಪಾವಳಿ ಆದ ಸ್ವಲ್ಪ ದಿನಕ್ಕೆ ಅವ್ವ ತೀರಿಕೊಂಡಳು. ಹಡಗಿಗೆ ಇನ್ನೂ ದಿನ ಇತ್ತು. ಯಾವುದಕ್ಕೆ ಹೆದರಿ ಅಕ್ಕನನ್ನು ಕಟ್ಟಿಹಾಕಿದ್ದೆನೋ ಅದು ಇಲ್ಲವಾಗಿತ್ತು. ಕಟ್ಟಿದ್ದು ಮಾತ್ರ ಹಾಗೇ ಇತ್ತು. ಮಹಾರಾಜರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಏನಾದರೂ ದಾರಿ ತೋರಿಸಬಹುದು ಅನಿಸಿತು. ಅಷ್ಟರಲ್ಲಿ ಅವರು ಕಾಲ್ನಡಿಗೆಯಲ್ಲಿ ವಿಹಾರ ಮಾಡಿಕೊಂಡು ಅಥಣಿ ಕಡೆಯ ಅನಂತಪುರಕ್ಕೆ ಹೋಗಿದ್ದರು. ಬಸ್ಸು ಹಿಡಿದು ಹೋದೆ. ಅಕ್ಕನಿಗೆ ದಾಟಲಾಗದ ಹೊಳೆಯನ್ನು ನಾನು ಕಿಟಕಿ ಪಕ್ಕ ಕುಳಿತು ದಾಟಿದೆ. ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಮಹಾರಾಜರು ಗುರುತು ಹಿಡಿದು "ಏನಪ್ಪಾ?" ಅಂದರು. ಹಿಂದೆ ಜನ ಇದ್ದರು, ನಮ್ಮ ಊರಿನವರೂ ಇದ್ದರು. "ಆಶೀರ್ವಾದ ಬೇಕಾಗಿತ್ರಿ" ಅಂದೆ. ಅವರು ನವಿಲುಗರಿಯ ಪಿಂಛಿ ಎತ್ತಿ ಹರಸಿದರು. ನಾನು ಬಂದ ಬಸ್ಸಿಗೇ ತಿರುಗಿ ಬಂದೆ.

ಹೆಂಗಸರನ್ನು ಕಳಿಸಲು ಅಕ್ಕ ಕುಡಚಿ ಸ್ಟೇಷನ್ನಿಗೆ ಬಂದಳು. ಸ್ಟೇಷನ್ ಹೊಳೆಯ ಈಚೆಗೇ ಇದೆ. ಪ್ಲಾಟ್‌ಫಾರ್ಮಿನ ಮೇಲೆ ನಿಂತು ವೈನಿಗೆ ಎಲ್ಲ ಮತ್ತೊಮ್ಮೆ ಹೇಳಿದಳು. ಟ್ಯಾಕ್ಸಿಯವನಿಗೆ ಏನು ಹೇಳುವುದು, ಬಾವಿಯ ಹಗ್ಗ ಯಾರ ಹತ್ತಿರ ಇಸಕೊಳ್ಳುವುದು, ಚೌಪಾಟಿಗೆ ಎಷ್ಟು ಹೊತ್ತಿಗೆ ಹೊರಡುವುದು. ಗಾಡಿ ಹೋಯಿತು. ಸೇತುವೆಯ ಸದ್ದು ಬಂತು, ನಿಂತಿತು. ಆ ದಿನ ಅವಳು "ದಾಟ್ತು" ಅನ್ನಲಿಲ್ಲ.

ತಿರುಗಿ ಬಂದ ಮೇಲೆ ವೈನಿ ಮೊಬೈಲಿನಲ್ಲಿ ಹಡಗಿನ ಫೋಟೋ ತೋರಿಸಿದರು. ಅಕ್ಕ ನೋಡಿ ಕೇಳಿದ್ದು ಒಂದೇ: "ಹೊತ್ತ ಮುಣುಗೂದ ಕಂಡಿತ್ರ್ಯಾ?"

"ಕಂಡಿತ ನೋಡವಾ. ನೀ ಹೇಳಿದಂಗಽ ಎಲ್ಲಾ ಆತು, ಹೋಗಿ ಬಂದಾಕಿ ಹೇಳಿದಂಗ. ಖರೇ ಹೇಳ್ಲ್ಯಾ, ಹಡಗಕ್ಕಿಂತಾ ಆ ಸಂಜಿನಽ ಛಲೋ ಇತ್ತು."

ಅಕ್ಕ ನಕ್ಕಳು. ಆ ನಗೆ ಖರೆ ಇತ್ತು. ಅದನ್ನೇ ನನಗೆ ತಡೆಯಲಾಗಲಿಲ್ಲ.

ವ್ರತದ ಅವಧಿ ಮುಗಿಯಿತು. "ಈಗ ಹೋಗಿ ಬಾ ಅಕ್ಕಾ" ಅಂದೆ. "ಯಾರ ಜೋಡಿ?" ಅಂದಳು. ನಾನು ಕರೆದುಕೊಂಡು ಹೋಗುತ್ತೇನೆ ಅನ್ನಬಹುದಿತ್ತು. ಕಬ್ಬು ಕಡಿಯುವುದಾಗಲಿ ಅಂದೆ. ಕಬ್ಬು ಕಡಿಯುವುದರೊಳಗೆ ಅಕ್ಕನ ಹೊಟ್ಟೆಯಲ್ಲಿ ಬೇನೆ ಸುರುವಾಯಿತು. ಚಿಕ್ಕೋಡಿಯ ದವಾಖಾನೆಯಲ್ಲಿ ನೋಡಿದವರು ಮನೆಗೆ ಕರಕೊಂಡು ಹೋಗಿ ಅಂದರು. ಅವ್ವ ಮಲಗಿದ್ದ ಕೋಣೆಯಲ್ಲೇ ಅಕ್ಕನನ್ನು ಮಲಗಿಸಿದೆ.

ಹಗಲು ವೈನಿ ಬಂದು ತೊಳೆದು ಹೋಗುತ್ತಿದ್ದರು. ಒಂದು ದಿನ ಅವರು ಬರಲಿಲ್ಲ. ಹಾಸಿಗೆ ಕೆಟ್ಟಿತ್ತು. ಬಿಸಿನೀರಿನ ಬಕೀಟು ಹಿಡಿದು ನಾನು ಹೊಸ್ತಿಲ ಮೇಲೆ ನಿಂತೇ ಇದ್ದೆ. ಅಕ್ಕ ನೋಡಿದಳು.

"ಒಳಗ ಬಾ. ನೀರ ಮದಲ ನಿನ್ನ ಮೊಣಕೈಗೆ ಹಾಕ್ಕೊಂಡ ನೋಡು. ಎತ್ತಾಕ ಹೋಗಬ್ಯಾಡ, ಹೊರಳಸು. ಒಂದ ಕೈ ಹೆಗಲಿಗೆ, ಒಂದ ಕೈ ಮೊಣಕಾಲಿಗೆ. ಹಾಂ... ಹಂಗ. ಮಾರಿ ಆ ಕಡೆ ಮಾಡಿದ್ರೂ ನಡೀತೈತಿ, ಕೈ ಮಾತ್ರ ಇಲ್ಲೇ ಇರ್ಲಿ."

ಮಾಡಿದೆ. ನಾನು ಅಂದುಕೊಂಡಷ್ಟು ಏನೂ ಇರಲಿಲ್ಲ. ನೀರು, ಅರಿವೆ, ಸೊರಗಿದ ಒಂದು ಬೆನ್ನು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಇಷ್ಟಽ ಇತ್ತಲ್ಲೋ ತಮ್ಮಾ" ಅಂದಳು. "ಆವಾಗ ಹೇಳಿದ್ದಿಯಂದ್ರ ಕಲಿಸಿ ಹೋಗತಿದ್ನಿ."

ನನ್ನ ಕೈ ನಿಂತಿತು. ಅಷ್ಟು ದಿನವೂ ಅವಳಿಗೆ ಗೊತ್ತಿತ್ತು. ಅಳು ಬಂತು.

"ಅಳಕೋತ ನಿಂದರಬ್ಯಾಡ, ಬೆನ್ನ ತಣ್ಣಗ ಆಗಾಕತ್ತೈತಿ. ಲಗೂನ ಒರಸು" ಅಂದಳು.

ಆಮೇಲೆ ವೈನಿಗೆ ಬರಬೇಡಿ ಅಂದೆ. ಕೊನೆಯವರೆಗೆ ನಾನೇ ಮಾಡಿದೆ. ಅದರಿಂದ ಏನೂ ತೀರಲಿಲ್ಲ. ಚೌಪಾಟಿಯ ಸಂಜೆ ಒಂದೇ ಇತ್ತು, ಅದನ್ನು ನಾನು ಊರೆಲ್ಲ ನೋಡುತ್ತಿರುವಾಗ ಕಸಕೊಂಡಿದ್ದೆ. ಕೊಟ್ಟವಳು ಅವಳು, ಅದೂ ನನ್ನ ಮಾನ ಉಳಿಸಲು.

ಟ್ರಂಕು ತೆಗೆದ ದಿನ ಸಂಜೆ ಈ ಅರಿವೆಯನ್ನು ಬಾವಿಗೆ ತಂದೆ. ಎರಡು ಸಲ ತೊಳೆದೆ, ಗಂಜಿ ಬೆಳ್ಳಗೆ ಬಿಟ್ಟಿತು, ಓಂಕಾಳಿನ ವಾಸನೆ ಹೋಯಿತು. ಕೊಡದ ಬಾಯಿಗೆ ಹೊದಿಸಿ ನೀರು ಸೋಸಿದೆ. ಆಮೇಲೆ ಅವಳ ಹಾಗೆ ಬಾಗಿ, ಮಗುಚಿ, ಮೆಲ್ಲಗೆ ನೀರು ಹಾಕಿ ಎಲ್ಲವನ್ನೂ ಬಾವಿಗೆ ಬಿಟ್ಟೆ. ಕಬ್ಬಿನ ಆಚೆ ಹೊತ್ತು ಮುಳುಗುತ್ತಿತ್ತು. ಇನ್ನೂ ಉಂಡಿರಲಿಲ್ಲ, ಉಣ್ಣಲು ಏಳಲೂ ಇಲ್ಲ. ಕಟ್ಟೆಯ ಮೇಲೆ ಕುಳಿತು ಅದು ಪೂರ್ತಿ ಹೋಗುವವರೆಗೆ ನೋಡಿದೆ.

ಅಷ್ಟರಲ್ಲಿ ಗಾಡಿ ಸೇತುವೆ ಹತ್ತಿತು. ಕೈಯಲ್ಲಿ ಹಸಿ ಅರಿವೆ ಹಿಡಿದು ಕೇಳುತ್ತ ಕುಳಿತೆ. ಸದ್ದು ನಿಂತಿತು. ಮನೆಯ ಕಡೆ ನೋಡಿದೆ... ದಾಟಿದ್ದನ್ನು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.