ಆಯಿ ಅಂದ ತಪ್ಪಿಗೆ

ಉಮದಿಯ ದರ್ಜಿ ದಸ್ತಗೀರನ ಕತ್ತರಿ ಎಷ್ಟು ಹರಿತವೆಂದರೆ, ಅದರ ಸಪ್ಪಳ ಕೇಳಿಯೇ ಕರಜಗಿಯ ಕುರಿಗಳು ಉಣ್ಣೆ ಉದುರಿಸುತ್ತಿದ್ದವು. ನಂಬದವರು ಕುರಿಗಳನ್ನೇ ಕೇಳಬಹುದು. ಅವನ ನಾಲಿಗೆ ಇನ್ನೂ ಹರಿತ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲೆ ಕಾಯ್ದೆಗಳೂ ಹೊಸವು ಬಂದವು. ಮರಾಠಿ ಪೇಪರಿನಲ್ಲಿ ಕೋರ್ಟಿನ ಸುದ್ದಿ ಹುಡುಕಿ, ಮಶೀನು ತುಳಿಯುತ್ತಲೇ ಅವನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. ‘ಈ ನಿಕಾಲ ಚಲೋ ಕುಂತೈತಿ, ಇದರ ತೋಳ ಗಿಡ್ಡ ಆಗ್ಯಾವ’ ಎಂದು ತೀರ್ಪುಗಳನ್ನು ಅಂಗಿಯಂತೆ ಎತ್ತಿ ಹಿಡಿದು ನೋಡುವವನು. ಆಗ ಇಪ್ಪತ್ತರವನಾಗಿದ್ದ ನಾನು ಬೇರೆ ಕೆಲಸವಿಲ್ಲದೆ ಅಲ್ಲೇ ಕೂತಿರುತ್ತಿದ್ದೆ.

ಐವತ್ತನೇ ಇಸವಿಯಲ್ಲಿ ಮಲಕವ್ವನ ದಾವೆ ಬಂತು. ಅವಳ ಅಜ್ಜಿ ಶಿವಲಿಂಗವ್ವನಿಗೆ ತವರಿನವರು ಕೊಟ್ಟ ನಾಲ್ಕು ಎಕರೆ ಜೋಳದ ಹೊಲವಿತ್ತು. ಶಿವಲಿಂಗವ್ವನ ಒಬ್ಬಳೇ ಮಗಳು ಚನ್ನವ್ವ, ಮಲಕವ್ವನನ್ನು ಹೆತ್ತ ದಿನವೇ ಸತ್ತಿದ್ದಳು. ಅಜ್ಜಿಯೂ ಹೋದ ಮೇಲೆ, ಅಜ್ಜಿಯ ಮೈದುನನ ಮಗ ತಮ್ಮಣ್ಣ, ‘ಮುದುಕಿಗಿ ಮಕ್ಕಳ ಇದ್ದಿಲ್ಲ, ಇದು ಎಲ್ಲಿಂದೋ ತಂದ ಕೂಸು’ ಎಂದು ಹೊಲಕ್ಕೆ ಎತ್ತು ಹೊಡೆದ. ಗಂಡ ಸತ್ತ ಮಲಕವ್ವನಿಗೆ ಆ ಹೊಲ ಬಿಟ್ಟರೆ ರೊಟ್ಟಿಯಿಲ್ಲ.

ಕೋರ್ಟು ಯಾವ ಊರಿನದೆಂದು ಹೇಳುವುದಿಲ್ಲ, ಬಾಯಿ ಹೊಲಸಾಗುತ್ತದೆ. ಜಡ್ಜಸಾಹೇಬರಿಗೆ ಕನ್ನಡ ಬಾರದು. ಗುಮಾಸ್ತನೇ ನಮ್ಮ ಮಾತನ್ನು ಮರಾಠಿಗೆ ತಿರುಗಿಸಿ ಬರೆಯುತ್ತಿದ್ದ.

‘ಶಿವಲಿಂಗವ್ವ ನಿನಗ ಏನಾಗ್ಬೇಕು?’ ಎಂದು ಅವನು ಮಲಕವ್ವನನ್ನು ಕೇಳಿದ.

‘ಆಯಿ ಆಗ್ಬೇಕ್ರಿ.’

ನಮ್ಮ ಕಡೆ ಆಯಿ ಅಂದರೆ ಅಜ್ಜಿ. ಮರಾಠಿಯಲ್ಲಿ ಆಯಿ ಅಂದರೆ ತಾಯಿ. ಗುಮಾಸ್ತ ಕೇಳಿದ ಶಬ್ದವನ್ನೇ ಇಳಿಸಿದ. ಆಮೇಲೆ ಸಾಕ್ಷಿಗೆ ನಿಂತ ದಸ್ತಗೀರ, ‘ಖರೇನ ಆಯಿ ರಿ, ಈಕಿ ತೊಟ್ಟಲದಾಗ ಇದ್ದಾಗಿಂದ ನೋಡೇನಿ’ ಎಂದ. ಮೂರನೆಯವನು ನಾನು. ನಾನೂ ಆಯಿ ಎಂದೆ. ಬರೆದದ್ದನ್ನು ಓದಿ ತೋರಿಸಿದಾಗ ಕಿವಿಗೆ ಸರಿಯಾಗಿಯೇ ಕೇಳಿಸಿತು. ಅವಳು ಹೆಬ್ಬೆಟ್ಟು ಒತ್ತಿದಳು, ನಾವು ಸಹಿ ಹಾಕಿದೆವು.

ತಮ್ಮಣ್ಣನ ವಕೀಲ ಮಲಕವ್ವ ಹುಟ್ಟಿದ ದಾಖಲೆ ತಂದ. ಅದರಲ್ಲಿ ತಾಯಿಯ ಹೆಸರು ಚನ್ನವ್ವ. ತೀರ್ಪು ಹೀಗೆ: ಹೆತ್ತವಳ ಹೆಸರನ್ನೇ ಸುಳ್ಳು ಹೇಳಿದ ಹೆಂಗಸು, ಅದೇ ಸುಳ್ಳನ್ನು ಕಲಿತು ಬಂದ ಇಬ್ಬರು ಸಾಕ್ಷಿಗಳು, ದಾವೆ ವಜಾ.

ತೀರ್ಪಿನ ನಕಲನ್ನು ಅಂಗಡಿಯಲ್ಲಿ ಮಲಕವ್ವನಿಗೆ ಓದಿ ಹೇಳುತ್ತಿದ್ದ ದಸ್ತಗೀರ ನಡುವೆ ನಿಲ್ಲಿಸಿದ.

‘ತಂಗಿ, ಇವರು ಆಯಿ ಅಂದ್ರ ನಿಮ್ಮವ್ವ ಅಂತ ತಿಳದಾರ.’

‘ಅಕಿ ಯಾಕ ಬಂದ್ಲಣ್ಣಾ ಕೋರ್ಟಿಗಿ? ಸತ್ತು ಮೂವತ್ತ ವರ್ಷಾತು.’

‘ಅಕಿ ಬಂದಿಲ್ಲ. ನಾವ ಮೂರೂ ಮಂದಿ ಎಬ್ಬಿಸಿ ಕರಕೊಂಡ ಹೋಗೀವಿ.’

ಎರಡೂ ಭಾಷೆ ಬರುವ ಮನುಷ್ಯ ತಾನೇ ಹೀಗೆ ಎಡವಿದ್ದಕ್ಕೆ ಅವನು ಮೂರು ದಿನ ಮಶೀನು ಮುಟ್ಟಲಿಲ್ಲ. ಆಮೇಲೆ ವಕೀಲನನ್ನು ಹಿಡಿದು, ಆಯಿ ಅಂದರೆ ಅಜ್ಜಿ ಎಂದು ಬಿಡಿಸಿ ಬರೆಸಿ ಅಪೀಲು ಹಾಕಿಸಿದ. ಮೇಲಿನ ಕೋರ್ಟು ಹೇಳಿತು: ಮೊದಲು ತಾಯಿ ಎಂದವರು, ಸೋತ ಮೇಲೆ ಅಜ್ಜಿ ಎನ್ನುತ್ತಿದ್ದಾರೆ, ಇದು ಆಮೇಲೆ ಹುಟ್ಟಿದ ಬುದ್ಧಿ. ಅದೂ ವಜಾ. ಸೊರಡಿ ಊರಿನಲ್ಲಿ ಕಾಗದ ಕಂಡರೆ ತಿನ್ನದೆ ಬಿಡದ ಒಂದು ಕತ್ತೆಯಿತ್ತು. ಆ ನಕಲನ್ನು ಅದು ಮೂಸಿ, ಮುಖ ಸಿಂಡರಿಸಿಕೊಂಡು ಹೋಯಿತು. ಇದು ನಾನೇ ಕಣ್ಣಾರೆ ಕಂಡದ್ದು.

‘ಈ ನಿಕಾಲ ಹೆಂಗ ಕುಂತೈತಿ, ದಸ್ತಗೀರಣ್ಣಾ?’ ಎಂದು ಯಾರೋ ಕೆಣಕಿದರು.

‘ಹೆಣಕ್ಕ ಹೊಚ್ಚೂ ಅರಿವಿ ಹೆಂಗ ಕುಂತ್ರೇನೋ’ ಎಂದು ಅವನು ಹೊರಗೆ ಹೋಗಿ ಉಗುಳಿ ಬಂದ.

ಹೊಲ ತಮ್ಮಣ್ಣನಿಗೆ ಹೋಯಿತು. ಮಲಕವ್ವ ಅದೇ ಹೊಲದ ಬದುವಿನಾಚೆ ಕೂಲಿಗೆ ನಿಂತಳು. ಮುಂದಿನ ವರ್ಷ ಚಾವಡಿಯಲ್ಲಿ ರೇಶನ್ ಯಾದಿ ಬರೆಯಲು ಹೊಸ ಗುಮಾಸ್ತ ಬಂದು ಕೂತ. ಮಲಕವ್ವನ ಹಿಂದೆಯೇ ದಸ್ತಗೀರ ನಿಂತಿದ್ದ.

‘ಆಯಿಚ ನಾವ ಕಾಯ?’ ಗುಮಾಸ್ತ ಮರಾಠಿಯಲ್ಲಿ ತಾಯಿಯ ಹೆಸರು ಕೇಳಿದ.

ಅವಳು ಹಿಂದೆ ತಿರುಗಿ ನೋಡಿದಳು. ದಸ್ತಗೀರ ನೆಲ ನೋಡಿದ.

‘ನನ್ನ ಕೇಳಬ್ಯಾಡ್ರಿ, ಸಾಹೇಬ್ರ’ ಎಂದಳು ಮಲಕವ್ವ. ‘ನಾ ಹೇಳಿದ್ರ ಸುಳ್ಳಾಗತೈತಿ. ಕೋರ್ಟಿನ್ಯಾಗ ಕೇಳ್ರಿ.’

ಗುಮಾಸ್ತ ಆ ಜಾಗ ಖಾಲಿ ಬಿಟ್ಟು ಮುಂದಿನವರನ್ನು ಕರೆದ.