ಪಟದೊಳಗಿನ ಒಂದು ಗಂಟೆ

ನಮ್ಮೂರಿಂದ ಚನ್ನರಾಯಪಟ್ಟಣಕ್ಕೆ ಬಸ್ಸಿನಲ್ಲಿ ಕಾಲು ಗಂಟೆ. ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಶುರುವಾದಾಗ ಅಡುಗೆಗೆ ಸೇರಿದವಳು ನಾನು. ಎರಡನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು. ನನಗೆ ಅದು ಬಿಟ್ಟರೆ ಇನ್ನೊಂದು ಕೆಲಸ ಸಿಗುವುದಿಲ್ಲ ಎಂದು ಗೊತ್ತಿತ್ತು. ಆ ಕೆಲಸ ಒಂದು ಪಟದಿಂದ ಹೋಗುವುದರಲ್ಲಿತ್ತು.

ತಂಗಿಯ ಮಗಳ ಮದುವೆ ಪಟ್ಟಣದ ಛತ್ರದಲ್ಲಿ, ಒಂದು ಶನಿವಾರ. ಶನಿವಾರ ಬೆಳಗಿನ ಶಾಲೆ. ಹನ್ನೊಂದೂವರೆಗೆ ಮಕ್ಕಳಿಗೆ ಬಡಿಸಿ, ಪಾತ್ರೆ ತೊಳೆದು, ಬೀಗ ಹಾಕಿ, ಹನ್ನೆರಡೂ ಕಾಲಿನ ಬಸ್ಸು ಹಿಡಿದೆ. ಮುಹೂರ್ತ ಹನ್ನೆರಡರ ಒಳಗಿತ್ತು, ತಾಳಿ ಕಟ್ಟುವುದು ನೋಡಲು ಸಿಗುವುದಿಲ್ಲ ಅಂದುಕೊಂಡೇ ಹೋದೆ. ಹೋಗಿ ನೋಡಿದರೆ ಪುರೋಹಿತರು ಇನ್ನೊಂದು ಛತ್ರದ ಮದುವೆ ಮುಗಿಸಿ ಆಗತಾನೇ ಬಂದು ಕೂತಿದ್ದರು. ಒಂದಕ್ಕೆ ಹತ್ತು ನಿಮಿಷ ಇದ್ದಾಗ ತಾಳಿ ಬಿತ್ತು. ಅಕ್ಷತೆ ಹಾಕುವಾಗ ಕ್ಯಾಮೆರಾದವನು ಹೊಡೆದ ಪಟದಲ್ಲಿ ನಾನೂ ಬಂದೆ.

ತಿಂಗಳಾದ ಮೇಲೆ ಶಾಲೆಯ ಸಮಿತಿ ಅಧ್ಯಕ್ಷ ನನ್ನ ಮೇಲೆ ಅರ್ಜಿ ಕೊಟ್ಟ. ಮಕ್ಕಳಿಗೆ ಬಡಿಸದೆ ಮದುವೆಗೆ ಹೋದಳು ಎಂದು. ನನ್ನ ಜಾಗಕ್ಕೆ ತನ್ನ ನಾದಿನಿಯನ್ನು ತರುವ ಆಸೆ ಅವನಿಗೆ. ಸಾಕ್ಷಿಗೆ ಮದುವೆಯ ಸೀಡಿ ತಂದಿದ್ದ.

ಪಟ್ಟಣದ ಶಿಕ್ಷಣ ಇಲಾಖೆ ಆಫೀಸಿಗೆ ಕರೆಸಿದರು. ಗುಮಾಸ್ತ ಸೀಡಿ ಹಾಕಿ, ನಾನಿದ್ದ ಪಟ ಹುಡುಕಿ, ಏನೋ ಒತ್ತಿದ. ಪಟ ತೆಗೆಯುವಾಗ ಕ್ಯಾಮೆರಾ ತನ್ನಷ್ಟಕ್ಕೆ ಏನೇನು ಬರೆದಿಟ್ಟಿರುತ್ತದೋ ಅದನ್ನೆಲ್ಲ ಈಚೆಗೆ ಎಳೆಯುವ ಸಾಫ್ಟ್‌ವೇರಂತೆ ಅದು. ಯಾವ ಕಂಪನಿ ಕ್ಯಾಮೆರಾ, ಫ್ಲ್ಯಾಶ್ ಹೊಡೆಯಿತೋ ಇಲ್ಲವೋ, ಯಾವ ತಾರೀಖು, ಎಷ್ಟು ಗಂಟೆ, ಎಲ್ಲ ಸಾಲಾಗಿ ಬಂತು. ಗಂಟೆ ಹನ್ನೊಂದು ಐವತ್ತು.

"ಆ ಒತ್ನಲ್ಲಿ ನೀನು ಸ್ಕೂಲಲ್ಲಿ ಸೌಟು ಇಡ್ಕಂಡಿರ್ಬೇಕಿತ್ತಲ್ಲಮ್ಮ," ಅಂದ ಗುಮಾಸ್ತ.

"ಸೌಟೇ ಇಡ್ಕಂಡಿದ್ದೆ ಸಾ," ಅಂದೆ. ಯಾರು ಕೇಳುತ್ತಾರೆ. ಹೆಡ್ಮೇಷ್ಟ್ರು ಆವತ್ತು ಟ್ರೈನಿಂಗಿಗೆ ಹೋಗಿದ್ದರು, ಇನ್ನೊಬ್ಬ ಮೇಷ್ಟ್ರು ಅಧ್ಯಕ್ಷನಿಗೆ ಹೆದರಿ ಆಫೀಸಿನ ಕಡೆ ಬರಲಿಲ್ಲ. ಮಕ್ಕಳ ಮಾತು ಕಂಪ್ಯೂಟರಿನ ಮುಂದೆ ನಿಲ್ಲಲಿಲ್ಲ. ಅರ್ಜಿ ಸುಳ್ಳೆಂದು ತೋರಿಸಲು ಹದಿನೈದು ದಿನ ಗಡುವು ಕೊಟ್ಟು ಕಳಿಸಿದರು.

ಆಚೆ ಬಂದೆ. ನೆಟ್ಟಗೆ ಸ್ಟುಡಿಯೋಗೆ ಹೋಗಿ, ಪಟ ತೆಗೆದವನನ್ನೇ ಹಿಡಿದೆ. ಅವನು ಬಾಗಿಲು ಮುಂದೆ ಮಾಡಿ ಹೇಳಿದ. ಹಿಂದೊಂದು ಮದುವೆಯಲ್ಲಿ ಪಟದ ಮೂಲೆಯಲ್ಲಿ ಗಂಟೆ ಎಷ್ಟೆಂದು ಅಚ್ಚು ಬಿದ್ದು, ಮುಹೂರ್ತ ಮೀರಿದ್ದು ಬಯಲಾಗಿ, ಬೀಗರು ಆಲ್ಬಮ್ಮನ್ನೇ ಬಿಸಾಡಿದ್ದರಂತೆ. ಈಗ ಮೂಲೆಯಲ್ಲಿ ಬೀಳದ ಹಾಗೆ ಮಾಡಿದರೂ ಸೀಡಿ ಹಾಕಿ ಕೆದಕುವ ಮೊಮ್ಮಕ್ಕಳು ಇರುತ್ತಾರೆ. ಅದಕ್ಕೇ ಮುಹೂರ್ತ ಮೀರಿದರೆ ಕ್ಯಾಮೆರಾದ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸುತ್ತಾನೆ. ನಮ್ಮ ಮದುವೆಗೆ ಒಂದು ಗಂಟೆ ತಿರುಗಿಸಿದ್ದ. ಗಂಡಿನ ಅಪ್ಪನೇ ಹೇಳಿ ಮಾಡಿಸಿದ್ದು. ಹೊಳೆನರಸೀಪುರದಲ್ಲಿ ಗಂಡಿನ ಅಜ್ಜಿ ಹಾಸಿಗೆ ಹಿಡಿದಿದ್ದಳು, ಮದುವೆಗೆ ಬಂದಿರಲಿಲ್ಲ. ಲಗ್ನ ತಪ್ಪಿದ ಹೆಣ್ಣು ನನ್ನ ಹೊಸಿಲು ತುಳಿಯಕೂಡದು ಎಂದು ಮೊದಲೇ ಹೇಳಿದ್ದಳಂತೆ.

"ನಾನ್ ಬಾಯ್ ಬುಟ್ರೆ ನಿನ್ ಕೆಲ್ಸ ಉಳೀತದೆ ಕಣವ್ವ. ಆ ಮುದ್ಕಿ ಕಿವಿಗೆ ಬಿದ್ರೆ ನಿಮ್ ಉಡ್ಗಿ ಗತಿ?" ಅಂದ.

ತಂಗಿಗೆ ಹೇಳಿದೆ. ಅತ್ತಳು, ಬೈದಳು. "ನಿನ್ ಸೌಟು ಎಚ್ಚೋ ನನ್ ಮಗ್ಳು ಬಾಳು ಎಚ್ಚೋ?" ಅಂತ ಕೇಳಿದಳು. ಎರಡೂ ಬೇಕು ಅಂದೆ. ಅವಳಿಗೆ ಅದು ಉತ್ತರ ಅನ್ನಿಸಲಿಲ್ಲ. ಶಾಲೆಯಲ್ಲಿ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮೂರು ಮೂರು ಸಲ ರುಚಿ ನೋಡುತ್ತಿದ್ದೆ. ಗಡುವಿಗೆ ನಾಲ್ಕು ದಿನ ಉಳಿದಾಗ ಹೊಳೆನರಸೀಪುರದ ಬಸ್ಸು ಹತ್ತಿದೆ. ಆಫೀಸಿನಲ್ಲಿ ಆಡಿದ ಮಾತು ಆ ಮುದುಕಿಗೆ ಮುಟ್ಟೇ ಮುಟ್ಟುತ್ತದೆ. ಯಾರೋ ಹೇಳುವ ಬದಲು ನಾನೇ ಹೇಳಿಬಿಡುವುದು ಅಂತ.

ಮುದುಕಿ ಮಂಚದ ಮೇಲಿದ್ದಳು. ತಂಗಿಯ ಮಗಳು ಕಾಫಿ ತಂದಿಟ್ಟು ಬಾಗಿಲ ಹತ್ತಿರ ನಿಂತಳು. ನಾನು ಸುತ್ತಿ ಬಳಸಲಿಲ್ಲ. ತಾಳಿ ಬಿದ್ದದ್ದು ಎಷ್ಟು ಹೊತ್ತಿಗೆ, ಪಟದಲ್ಲಿ ಎಷ್ಟು ಗಂಟೆ ಇದೆ, ಯಾಕೆ ಹಾಗಿದೆ, ನನ್ನ ಕೆಲಸಕ್ಕೆ ಏನಾಗಿದೆ, ಎಲ್ಲ ಹೇಳಿದೆ.

ಮುದುಕಿ ಗೋಡೆ ಕಡೆ ತಿರುಗಿ, "ನನ್ ಮಗ್ನೂ ಸುಳ್ಳೇಳ್ದ. ಪಟಾನೂ ಸುಳ್ಳೇಳ್ತು," ಅಂದಳು. "ಮುಂದ್ಲ ಸ್ವಾಮಾರ ದೇವಸ್ಥಾನ್ದಲ್ಲಿ ಇನ್ನೊಂದ್ ದಪ ತಾಳಿ ಕಟ್ಲಿ. ಗಡಿಯಾರ ನೀನೇ ಇಡ್ಕಂಡು ನಿಂತ್ಕ. ಪಟದೋನು ಬೇಡ."

ಮುದುಕಿಗೇ ಗೊತ್ತಾದ ಮೇಲೆ ಇನ್ನು ಮುಚ್ಚಿಡುವುದೇನೆಂದು ಗಡುವಿನೊಳಗೇ ಆಫೀಸಿಗೆ ಸ್ಟುಡಿಯೋದವನು ಕ್ಯಾಮೆರಾ ಸಮೇತ ಬಂದ. ಆ ಮದುವೆಯಾದ ಮೇಲೆ ಗಡಿಯಾರ ಸರಿ ಮಾಡುವುದನ್ನೇ ಮರೆತಿದ್ದನಂತೆ. ಗುಮಾಸ್ತ ಗೋಡೆ ಗಡಿಯಾರದ ಪಟ ತೆಗೆಸಿ, ಅದೇ ಸಾಫ್ಟ್‌ವೇರಿಗೆ ಹಾಕಿದ. ಗೋಡೆಯ ಮೇಲೆ ಮೂರೂ ಹತ್ತು. ಪಟದೊಳಗೆ ಕ್ಯಾಮೆರಾ ಬರೆದಿಟ್ಟದ್ದು ಎರಡೂ ಹತ್ತು. ಅಧ್ಯಕ್ಷ ಎದ್ದು ಹೊರಟ. ನನ್ನ ಹೆಸರು ರಿಜಿಸ್ಟರಿನಲ್ಲೇ ಉಳಿಯಿತು.

ಸೋಮವಾರ ಒಂಬತ್ತೂವರೆಯಿಂದ ಹತ್ತೂವರೆ ಒಳಗೆ ಲಗ್ನ. ಗಂಡಿನ ಅಪ್ಪನ ಕೈಗಡಿಯಾರ ಬಿಚ್ಚಿಸಿಕೊಂಡು ಗರ್ಭಗುಡಿಯ ಎದುರಿಗೆ ನಿಂತೆ. ಪುರೋಹಿತರು ಬಂದಿರಲಿಲ್ಲ. ಒಂಬತ್ತೂ ಮುಕ್ಕಾಲು ಆಯಿತು, ಹತ್ತಾಯಿತು. ಎಲ್ಲರೂ ದಾರಿ ನೋಡುತ್ತಿದ್ದರು, ನಾನು ಮುಳ್ಳು ನೋಡುತ್ತಿದ್ದೆ. ಹತ್ತೂ ಐದಕ್ಕೆ ಪುರೋಹಿತರು ಓಡಿ ಬಂದರು, ಹತ್ತೂ ಇಪ್ಪತ್ತಕ್ಕೆ ತಾಳಿ ಬಿತ್ತು. ಕುರ್ಚಿಯಲ್ಲಿ ಹೊತ್ತು ತಂದಿದ್ದ ಮುದುಕಿ ಎಷ್ಟು ಅಂತ ಕೇಳಿದಳು, ಹೇಳಿದೆ. ನಂಬಿಕೆಯಿಲ್ಲದೆ ಕೈ ಚಾಚಿ ಗಡಿಯಾರ ಇಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

ಆವತ್ತು ನಾನು ರಜೆ ಚೀಟಿ ಬರೆಸಿ, ಹೆಡ್ಮೇಷ್ಟ್ರ ಕೈಲಿ ಸಹಿ ಹಾಕಿಸಿ, ಸಹಿಯ ಪಕ್ಕ ಗಂಟೆಯನ್ನೂ ಬರೆಸಿಕೊಂಡು ಹೋಗಿದ್ದೆ. ಆ ಚೀಟಿ ಈಗಲೂ ನನ್ನ ಟ್ರಂಕಿನಲ್ಲಿದೆ.